ಮನಸ್ಸಿನ ಡಾಕ್ಟರಿಗೆ ಲೈಸೆನ್ಸ್ ಕೊಡುವವರು ಯಾರು?

ಹಾವೇರಿ ಜಿಲ್ಲೆಯ ಏಳನೇ ತರಗತಿಯ ಹುಡುಗಿಯೊಬ್ಬಳು ಈ ವಾರ ಒಂದು ಒಳ್ಳೆಯ ಪ್ರಶ್ನೆ ಕಳಿಸಿದ್ದಾಳೆ. ಅವಳ ಶಾಲೆಗೆ ಹೊಸದಾಗಿ ಒಬ್ಬರು ಕೌನ್ಸೆಲರ್ ಬರುತ್ತಿದ್ದಾರಂತೆ. ಅದನ್ನು ಕೇಳಿದ ಅಜ್ಜಿ, "ಅವ್ರು ಡಾಕ್ಟರೇನ ತಂಗಿ, ಟೀಚರೇನ?" ಅಂದರಂತೆ. ಇವಳಿಗೆ ಉತ್ತರ ಹೊಳೆಯಲಿಲ್ಲ. "ನಮ್ಮಪ್ಪನ ಟಂಟಂ ಓಡಿಸಲು ಲೈಸೆನ್ಸ್ ಬೇಕು. ಮಾಮನ ಔಷಧಿ ಅಂಗಡಿಗೂ ಲೈಸೆನ್ಸ್ ಬೇಕು. ಮನಸ್ಸಿಗೆ ಚಿಕಿತ್ಸೆ ಕೊಡುವವರಿಗೆ ಬೇಡವೇ? ಬೇಕಾದರೆ ಯಾರು ಕೊಡುತ್ತಾರೆ?" ಎಂದು ಬರೆದಿದ್ದಾಳೆ.

ಬೇಕು ಮಗೂ, ಖಂಡಿತ ಬೇಕು. ಆದರೆ ಕೊಡುವ ಕಚೇರಿ ಒಂದೇ ಅಲ್ಲ. ಅಜ್ಜಿಗೆ ಗೊಂದಲವಾದದ್ದೂ ಸಹಜವೇ. ಈ ವಿಷಯದಲ್ಲಿ ನಮ್ಮ ಕಾನೂನಿಗೇ ಬಹಳ ಕಾಲ ಗೊಂದಲವಿತ್ತು. ಸ್ವಲ್ಪ ಈಗಲೂ ಇದೆ.

ಮೊದಲು, ಲೈಸೆನ್ಸ್ ಯಾಕೆ ಬೇಕು ಅನ್ನೋಣ. ಕೈ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಮನಸ್ಸಿನ ನೋವು ಅಲ್ಲಿ ಕಾಣುವುದಿಲ್ಲ. ಎದುರಿಗೆ ಕೂತವರು ಕೇಳಿ, ಗಮನಿಸಿ, ಅಳೆದು ನೋಡಿಯೇ ತಿಳಿಯಬೇಕು. ಒಂದು ಉದಾಹರಣೆ ಹೇಳುತ್ತೇನೆ. ನಿನ್ನೆಯವರೆಗೆ ಸರಿಯಾಗಿದ್ದ ತಾತ ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ, ಮಗನ ಗುರುತೇ ಹಿಡಿಯುವುದಿಲ್ಲ. ಮನೆಯವರು 'ತಲೆ ಕೆಟ್ಟಿತು' ಅಂದುಕೊಳ್ಳುತ್ತಾರೆ. ಆದರೆ ಮೂತ್ರದ ಸೋಂಕಿನಿಂದಲೋ, ರಕ್ತದಲ್ಲಿ ಸೋಡಿಯಂ ಅಂಶ ಇಳಿದಿದ್ದರಿಂದಲೋ ವಯಸ್ಸಾದವರಿಗೆ ಹೀಗಾಗುವುದುಂಟು. ಹಾಗೆಯೇ ಸದಾ ಮಂಕಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಕೂತಿರುವವರಿಗೆ ಥೈರಾಯ್ಡ್ ಕೊರತೆ ಇರಬಹುದು. ಓದಿ, ತರಬೇತಿ ಪಡೆದವರಿಗೆ ಮೊದಲು ಅದನ್ನು ಪರೀಕ್ಷಿಸಬೇಕು ಅಂತ ಗೊತ್ತಿರುತ್ತದೆ. ಬರೀ ಬೋರ್ಡು ಹಾಕಿಕೊಂಡವರು ವಾರಗಟ್ಟಲೆ ಮಾತಾಡಿಸಿ, ದುಡ್ಡು ತೆಗೆದುಕೊಂಡು ಕಳಿಸುತ್ತಾರೆ. ಅಷ್ಟರಲ್ಲಿ ಕಾಯಿಲೆ ಬೆಳೆದಿರುತ್ತದೆ.

ಇನ್ನು ಯಾರು ಯಾರು ಅನ್ನುವುದು. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಮೊದಲು ಎಲ್ಲ ಡಾಕ್ಟರರ ಹಾಗೆ ಎಂಬಿಬಿಎಸ್ ಓದಿದವರು. ಆಮೇಲೆ ಮನೋವೈದ್ಯಶಾಸ್ತ್ರವನ್ನೇ ವಿಶೇಷವಾಗಿ ಓದಿರುತ್ತಾರೆ. ಇವರ ಹೆಸರು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರುತ್ತದೆ. ನಮ್ಮ ರಾಜ್ಯದಲ್ಲಿ ಅದು ಕರ್ನಾಟಕ ವೈದ್ಯಕೀಯ ಪರಿಷತ್ತು. ಅವರ ಔಷಧ ಚೀಟಿಯಲ್ಲಿ ಹೆಸರಿನ ಕೆಳಗೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಇವತ್ತು ಮನೆಯಲ್ಲಿರುವ ಯಾವುದಾದರೂ ಚೀಟಿ ತೆಗೆದು ನೋಡಿ ಮಕ್ಕಳೇ, ಸಿಗುತ್ತದೆ. (ಅಕ್ಷರ ಓದಲು ಬರದಿದ್ದರೆ ಅದು ನಿಮ್ಮ ತಪ್ಪಲ್ಲ.)

ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನೋವಿಜ್ಞಾನಿ, ಬೇರೆ. ಇವರು ಮಾತ್ರೆ ಬರೆಯುವುದಿಲ್ಲ. ಮಗುವಿಗೆ ಕಲಿಕೆಯಲ್ಲಿ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡುವುದು, ಭಯ, ಗೀಳು, ಖಿನ್ನತೆಗಳಿಗೆ ಮಾತಿನ ಚಿಕಿತ್ಸೆ ಕೊಡುವುದು ಇವರ ಕೆಲಸ. ಮನಶ್ಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಮುಗಿಸಿ, ಮತ್ತೆ ಎರಡು ವರ್ಷ ಆಸ್ಪತ್ರೆಯಲ್ಲಿದ್ದು ಎಂಫಿಲ್ ಮಾಡುವುದು ಬಹುಕಾಲ ಇವರ ರೂಢಿಯ ದಾರಿಯಾಗಿತ್ತು. ಇವರಿಗೆ ನೋಂದಣಿ ಕೊಡುವುದು ದೆಹಲಿಯಲ್ಲಿರುವ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯಿಂದ ಅದಕ್ಕೆ ಆ ಅಧಿಕಾರ ಬಂತು. ಇಂಥ ತರಬೇತಿ ನಮ್ಮ ದೇಶದಲ್ಲಿ ಬೇರು ಬಿಟ್ಟ ಮುಖ್ಯ ಜಾಗಗಳಲ್ಲಿ ಬೆಂಗಳೂರೂ ಒಂದು ಅನ್ನುವುದು ನಮಗೆ ಹೆಮ್ಮೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದು ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ತಮಾಷೆಗೆ "ನಿನ್ನ ನಿಮ್ಹಾನ್ಸಿಗೆ ಸೇರಿಸಬೇಕು" ಅನ್ನುವ ದೊಡ್ಡವರು ಈಗಲೂ ಇದ್ದಾರೆ. ಆ ತಮಾಷೆಗೆ ನಗಬೇಡಿ. ಅಲ್ಲಿಗೆ ಹೋಗಿ ಚೇತರಿಸಿಕೊಂಡವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು.

ಇವರಲ್ಲದೆ ಮನೋರೋಗಿಗಳ ಆರೈಕೆಯಲ್ಲಿ ತರಬೇತಾದ ದಾದಿಯರೂ ಸಮಾಜ ಕಾರ್ಯಕರ್ತರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇವರನ್ನೂ ಚಿಕಿತ್ಸಾ ಮನೋವಿಜ್ಞಾನಿಗಳನ್ನೂ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿಸಿಕೊಂಡು, ಆ ಪಟ್ಟಿಯನ್ನು ಪ್ರಕಟಿಸಬೇಕು ಎನ್ನುತ್ತದೆ.

ಹಾಗಾದರೆ ಕೌನ್ಸೆಲರ್? ಅಜ್ಜಿಯ ಪ್ರಶ್ನೆ ತಾಗಿದ್ದು ಇಲ್ಲೇ. ಕನ್ನಡದಲ್ಲಿ ನಾವು ಆಪ್ತಸಮಾಲೋಚಕರು ಅನ್ನುತ್ತೇವೆ, ಎಷ್ಟು ಚೆಂದದ ಮಾತು. ಆದರೆ ಈ ಹೆಸರಿಗೆ ಕಾನೂನಿನ ಬೇಲಿ ಬಹಳ ಕಾಲ ಇರಲೇ ಇಲ್ಲ. ಎರಡು ವರ್ಷ ಶ್ರದ್ಧೆಯಿಂದ ಓದಿದವರೂ ಆಪ್ತಸಮಾಲೋಚಕರೇ, ಎರಡು ದಿನದ ಶಿಬಿರಕ್ಕೆ ಹೋಗಿ ಪ್ರಮಾಣಪತ್ರ ತಂದವರೂ ಆಪ್ತಸಮಾಲೋಚಕರೇ. 2017ರ ಕಾಯ್ದೆಯ ವೃತ್ತಿಪರರ ಪಟ್ಟಿಯಲ್ಲೂ ಇವರ ಹೆಸರಿಲ್ಲ. 2021ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿತು. ಡಾಕ್ಟರು, ದಾದಿಯರನ್ನು ಬಿಟ್ಟು ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಬೇರೆ ಬೇರೆ ವೃತ್ತಿಯವರಿಗಾಗಿ ಮಾಡಿದ ಕಾಯ್ದೆ ಅದು. ಅದರ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರೂ ಆರೋಗ್ಯ ಆಪ್ತಸಮಾಲೋಚಕರೂ ಸೇರಿದ್ದಾರೆ. ಅದರಂತೆ ಪ್ರತಿ ರಾಜ್ಯದಲ್ಲೂ ಪರಿಷತ್ತು, ಪ್ರತಿಯೊಬ್ಬರಿಗೂ ನೋಂದಣಿ ಆಗಬೇಕು. ಕೆಲಸ ನಡೆಯುತ್ತಿದೆ, ಆದರೆ ನಮ್ಮ ಕೆರೆ ಹೂಳೆತ್ತುವ ಕೆಲಸದ ಹಾಗೆ ನಿಧಾನ.

ನಿಧಾನವಾದರೆ ಏನಾಯಿತು ಅನ್ನಬೇಡಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು ಎಂದಿದೆ. ಒಳ್ಳೆಯದೇ. ಆದರೆ 'ಅರ್ಹರು' ಯಾರು ಅಂತ ಅಳೆಯುವ ಕೋಲು ಸಿದ್ಧವಾಗುವ ಮೊದಲೇ ಎಲ್ಲ ಶಾಲೆಗಳೂ ಹುಡುಕತೊಡಗಿದರೆ ಸಿಕ್ಕಿದವರನ್ನೇ ಕೂರಿಸುತ್ತಾರೆ. ಆ ಕುರ್ಚಿಯ ಎದುರು ಕೂರುವವರು ಮಕ್ಕಳು. ನನಗೆ ಚಿಂತೆ ಇರುವುದು ಅಲ್ಲಿ.

ದಂಡದ ಲೆಕ್ಕ ಕೇಳಿದರೆ ಇನ್ನೂ ಸೋಜಿಗ. ನೋಂದಣಿ ಇಲ್ಲದೆ ಡಾಕ್ಟರಿಕೆ ಮಾಡಿದರೆ 2019ರ ವೈದ್ಯಕೀಯ ಆಯೋಗದ ಕಾಯ್ದೆಯಂತೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಲ್ಲೂ ಜೈಲು ಒಂದು ವರ್ಷದವರೆಗೆ ಇದೆ. ಆದರೆ ದಂಡ? ಹೆಚ್ಚೆಂದರೆ 1000 ರೂಪಾಯಿ. ಪಟ್ಟಣದಲ್ಲಿ ಒಂದು ಸಲ ಕೂರಿಸಿ ಮಾತಾಡಿಸುವುದಕ್ಕೇ ಅಷ್ಟು ಫೀಸು ತೆಗೆದುಕೊಳ್ಳುವವರಿದ್ದಾರೆ!

ಸರ್ಕಾರ ಕಣ್ಣಿಡಬೇಕಾದದ್ದು ಜನರ ಮೇಲಷ್ಟೇ ಅಲ್ಲ, ಜಾಗಗಳ ಮೇಲೂ. ಇದಕ್ಕೊಂದು ದುಃಖದ ಕಾರಣವಿದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯಲ್ಲಿ ಏರವಾಡಿ ಎಂಬ ಊರಿದೆ. ಅಲ್ಲಿನ ದರ್ಗಾದಲ್ಲಿ ಪ್ರಾರ್ಥಿಸಿದರೆ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬಿ ದೂರದೂರದಿಂದ ಜನ ಬರುತ್ತಾರೆ. ಬಂದವರನ್ನು ಇಟ್ಟುಕೊಳ್ಳಲು ಸುತ್ತಮುತ್ತ ಖಾಸಗಿ ಮನೆಗಳು ಹುಟ್ಟಿಕೊಂಡಿದ್ದವು. ಡಾಕ್ಟರಿಲ್ಲ, ದಾದಿಯಿಲ್ಲ. ಓಡಿಹೋಗದಿರಲಿ ಎಂದು ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಮನೆಗೆ ಬೆಂಕಿ ಬಿತ್ತು. ಕಟ್ಟಿಹಾಕಿದ್ದವರು ಓಡಲಾಗಲಿಲ್ಲ. 28 ಮಂದಿ ತೀರಿಕೊಂಡರು. ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಕರೆದುಕೊಂಡು ಬಂದ ಮನೆಯವರು ಕೆಟ್ಟವರೆಂದು ನಾನು ಹೇಳಲಾರೆ. ಅವರಿಗೆ ಬೇರೆ ಬಾಗಿಲು ಕಂಡಿರಲಿಲ್ಲ.

ಈಗಿನ 2017ರ ಕಾಯ್ದೆಯಲ್ಲಿ, ಕಾಯಿಲೆಯವರನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತಿಲ್ಲ. ಮನೋರೋಗಿಗಳನ್ನು ಇಟ್ಟುಕೊಂಡು ಆರೈಕೆ ಮಾಡುವ ಯಾವ ಸಂಸ್ಥೆಯನ್ನೂ ನೋಂದಣಿಯಿಲ್ಲದೆ ನಡೆಸುವಂತಿಲ್ಲ. ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಮತ್ತೆ ಮತ್ತೆ ತಪ್ಪು ಮಾಡಿದರೆ 5 ಲಕ್ಷದವರೆಗೂ ಏರುತ್ತದೆ. ರೋಗಿಯೋ ಮನೆಯವರೋ ದೂರು ಕೊಡಲು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗಳಿವೆ. ಆ ಮಂಡಳಿಯ ವಿಳಾಸ, ಫೋನ್ ನಂಬರನ್ನು ಎಲ್ಲರಿಗೂ ಕಾಣುವ ಹಾಗೆ ಸಂಸ್ಥೆಯ ಗೋಡೆಗೆ ಹಾಕಿರಬೇಕು. ಆಸ್ಪತ್ರೆಗೆ ಹೋದಾಗ ತಾತ ಅಜ್ಜಿಯರು ಕುರ್ಚಿ ಹುಡುಕುವಷ್ಟರಲ್ಲಿ ಮಕ್ಕಳು ಗೋಡೆ ಓದಿಬಿಡುತ್ತಾರೆ, ಆದ್ದರಿಂದ ಈ ಕೆಲಸ ನಿಮಗೇ ಇರಲಿ.

ಕೆಲವರು ಕೇಳಬಹುದು: ಇಷ್ಟು ಬಿಗಿ ಮಾಡಿದರೆ ಹಳ್ಳಿಯವರಿಗೆ ಯಾರು ಸಿಗುತ್ತಾರೆ? ಸರಿಯಾದ ಮಾತು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆದಾಗ ಕಂಡದ್ದೇನೆಂದರೆ, ಮನಸ್ಸಿನ ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ನಮ್ಮ ಬಳ್ಳಾರಿ ಬಹಳ ಹಿಂದೆಯೇ ಒಂದು ದಾರಿ ತೋರಿಸಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಸಾಮಾನ್ಯ ಕಾಯಿಲೆಗಳನ್ನು ಅವರೇ ನೋಡುವುದು, ಕಷ್ಟದ್ದನ್ನು ಮೇಲಕ್ಕೆ ಕಳಿಸುವುದು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈಗ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡಿದೆ.

ಇನ್ನೊಂದು ಮಾತು. ನೊಂದವರ ಮಾತು ಕೇಳಿಸಿಕೊಳ್ಳಲು ಯಾರಿಗೂ ಲೈಸೆನ್ಸ್ ಬೇಡ. ಮೊಮ್ಮಗಳು ಅತ್ತರೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಜ್ಜಿಗೆ ಯಾವ ಪರಿಷತ್ತೂ ಚೀಟಿ ಕೊಡಬೇಕಿಲ್ಲ, ಟೀಚರಿಗೂ ಬೇಕಿಲ್ಲ. ಆದರೆ 'ನಾನು ಕಾಯಿಲೆ ವಾಸಿ ಮಾಡುತ್ತೇನೆ' ಎಂದು ಬೋರ್ಡು ಹಾಕಿದ ಕ್ಷಣದಿಂದ ನೋಂದಣಿ ಕೇಳುವ ಹಕ್ಕು ನಮಗೆ ಬರುತ್ತದೆ.

ಕೇಳಲು ನಾವು ಸಂಕೋಚಪಡುತ್ತೇವೆ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ತಿರುಗಿಸಿ ಮುರುಗಿಸಿ ನೋಡುವ ನಮ್ಮ ಹಿರಿಯರು ಡಾಕ್ಟರ ಎದುರು ಕೈಕಟ್ಟಿ ಕೂರುತ್ತಾರೆ. "ಸರ್, ನೀವು ಯಾವ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದೀರಿ, ನಂಬರ್ ಏನು?" ಎಂದು ಕೇಳುವುದು ಅವಮಾನವಲ್ಲ. ಸರಿಯಾದವರು ತಕ್ಷಣ ಹೇಳುತ್ತಾರೆ. ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆದ್ದರಿಂದ ಗೋಡೆಯ ಮೇಲಿನ ಪತ್ರದ ದಿನಾಂಕವನ್ನೂ ಒಮ್ಮೆ ನೋಡಿ. 'ನೂರಕ್ಕೆ ನೂರು ಗ್ಯಾರಂಟಿ' ಅನ್ನುವವರು, 'ಮಾತ್ರೆ ಎಲ್ಲ ಇವತ್ತೇ ನಿಲ್ಲಿಸಿ' ಅನ್ನುವವರು ಇದ್ದರೆ ಎದ್ದು ಬನ್ನಿ.

ಮಕ್ಕಳಿಗೆ ಒಂದು ಸೂಕ್ಷ್ಮ ಹೇಳಬೇಕು. ನೀವು ಕೌನ್ಸೆಲರ್ ಹತ್ತಿರ ಹೇಳಿದ್ದನ್ನು ಅವರು ಊರಿಗೆಲ್ಲ ಹೇಳಬಾರದು, ತರಗತಿಯಲ್ಲಿ ಆಡಿಕೊಳ್ಳಬಾರದು. ಅದು ಅವರ ಕರ್ತವ್ಯ. ನಿಮಗೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಮನೆಯವರಿಗೆ ತಿಳಿಸುತ್ತಾರೆ. ಆದರೆ ಅವರು ನಿಮಗೇ "ಇಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳಬೇಡ" ಅಂದರೆ ಅದು ಬೇರೆ ಮಾತು. ಗುಟ್ಟು ಕಾಪಾಡುವ ಕೆಲಸ ಅವರದು, ನಿಮ್ಮದಲ್ಲ. ಅಂಥದ್ದನ್ನು ಅದೇ ಸಂಜೆ ಅಜ್ಜಿಗೋ ಅಮ್ಮನಿಗೋ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿಗೆ ಕಷ್ಟವಾದಾಗ ದೊಡ್ಡವರು, ಚಿಕ್ಕವರು ಯಾರು ಬೇಕಾದರೂ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಈ ಸರ್ಕಾರಿ ಸೇವೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯಾದರೂ ಫೋನ್ ತೆಗೆಯುತ್ತಾರೆ.