ಕೈ ಬಿಡುವಾದರೆ ಮನಸ್ಸು ಬಿಡುವಾಯಿತೇ?

‘ಹ್ಯಾಂಡ್ಸ್‌ಫ್ರೀ’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾರು ನಡೆಸುವವನು ಫೋನನ್ನು ಕೈಯಲ್ಲಿ ಹಿಡಿಯದೆ, ಕಾರಿನಲ್ಲಿಯೇ ಅಳವಡಿಸಿರುವ ಮೈಕು ಮತ್ತು ಸ್ಪೀಕರುಗಳ ಮೂಲಕ ಮಾತನಾಡುವ ಸೌಕರ್ಯಕ್ಕೆ ಈ ಹೆಸರು. ಆ ಪದ ಹೇಳುವುದು ಇಷ್ಟೇ: ಕೈ ಬಿಡುವಾಗಿದೆ. ಆದರೆ ನಾವು ಕೇಳಿಸಿಕೊಳ್ಳುವುದು ಬೇರೆ: ಅಪಾಯ ಕಳೆದಿದೆ. ಪದ ಸುಳ್ಳಾಡಿಲ್ಲ, ಕೇಳಿದವನು ಮಾತ್ರ ಮೋಸಹೋಗಿದ್ದಾನೆ. ಈ ಬರಹ ಆ ಮೋಸದ ವಿರುದ್ಧ.

ಇದನ್ನು ಬರೆಯಲು ಕಾರಣ ನೀವೇ, ಅಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಮತ್ತು ಬಂಧುಗಳು. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಈಗ ಓಡುತ್ತಿರುವ ಕಾರುಗಳಿಂದಲೇ ಬರುತ್ತಿವೆ. ಒಬ್ಬನು ಬೆಂಗಳೂರಿನ ಹೊರವರ್ತುಲ ರಸ್ತೆಯಿಂದ ಮಾತನಾಡುತ್ತಾನೆ. ಇನ್ನೊಬ್ಬನು ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತ ಮಾತನಾಡುತ್ತಾನೆ. ಮತ್ತೊಬ್ಬಳು ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಎಂಟು ಗಂಟೆಗೆ ಕಚೇರಿಗೆ ಹೊರಟು, ಇಲ್ಲಿ ನಾನು ರಾತ್ರಿಯ ಊಟ ಮುಗಿಸುವ ಹೊತ್ತಿಗೆ ಸರಿಯಾಗಿ ಕರೆಯುತ್ತಾಳೆ. “ಗಾಡಿ ಓಡಿಸ್ತಾ ಇದೀಯೇನಪ್ಪ?” ಎಂದು ನಾನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ಚಿಂತೆ ಮಾಡ್ಬೇಡಿ ಮೇಷ್ಟ್ರೇ, ಫೋನು ಕೈಯಲ್ಲಿಲ್ಲ, ಗಾಡೀಲೇ ಇದೆ, ಮಾತಾಡಿ.” ಈ ಉತ್ತರವನ್ನು ನಾನು ಇನ್ನು ಮುಂದೆ ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತವನಿಗೆ ಗಮನ ಎಂದರೇನು ಎಂಬುದು ಸ್ವಲ್ಪಮಟ್ಟಿಗಾದರೂ ತಿಳಿದಿರುತ್ತದೆ. ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತ ಹುಡುಗನನ್ನು ನೆನಪಿಸಿಕೊಳ್ಳಿರಿ. ಅವನ ಎರಡು ಕೈಗಳೂ ಪೂರ್ಣ ಬಿಡುವಾಗಿವೆ. ಕಣ್ಣು ಕರಿಹಲಗೆಯ ಮೇಲೆಯೇ ಇದೆ. ಆದರೆ ಮನಸ್ಸು ಕಿಟಕಿಯಾಚೆಯ ಮಾವಿನ ಮರದಲ್ಲಿದೆ. “ನಾನು ಈಗ ಏನು ಹೇಳಿದೆ?” ಎಂದು ಕೇಳಿದೊಡನೆ ಅವನು ಎದ್ದು ನಿಂತು ಮೇಲೆ ಕೆಳಗೆ ನೋಡುತ್ತಾನೆ. ನಿಮ್ಮಲ್ಲಿ ಹಲವರು ಹಾಗೆ ನಿಂತವರೇ. ಆ ಹುಡುಗನಿಗೆ ಆದ ನಷ್ಟ ಒಂದು ಲೆಕ್ಕ, ಹೆಚ್ಚೆಂದರೆ ಐದು ಅಂಕ. ರಸ್ತೆ ಹಾಗಲ್ಲ. ರಸ್ತೆ ಪ್ರಶ್ನೆ ಕೇಳುವ ಮೊದಲು ಹೆಸರು ಹಿಡಿದು ಕರೆಯುವುದಿಲ್ಲ. ಎರಡನೆಯ ಅವಕಾಶವನ್ನೂ ಕೊಡುವುದಿಲ್ಲ.

ಇದು ಹಳೆಯ ಕಾಲದ ಮೇಷ್ಟರ ಅಂಜಿಕೆಯೆಂದು ತಳ್ಳಿಹಾಕಬೇಡಿರಿ. ವಿಜ್ಞಾನಿಗಳು ಬಹಳ ಹಿಂದೆಯೇ ಇದನ್ನು ಅಳೆದಿದ್ದಾರೆ. ಕೆನಡಾದ ಟೊರೊಂಟೊ ನಗರದಲ್ಲಿ ರೆಡೆಲ್‌ಮೈಯರ್ ಮತ್ತು ಟಿಬ್‌ಶಿರಾನಿ ಎಂಬ ಇಬ್ಬರು, ಅಪಘಾತಕ್ಕೆ ಸಿಲುಕಿದ 699 ಚಾಲಕರ ಫೋನ್ ಕರೆಗಳ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ವರದಿಯನ್ನು ಪ್ರಕಟಿಸಿದರು. ಫೋನಿನಲ್ಲಿ ಮಾತನಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂಬುದು ಅವರ ನಿರ್ಣಯ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಅದರಲ್ಲಿದೆ: ಕೈಯಲ್ಲಿ ಹಿಡಿಯದ ಫೋನು ಕೈಯಲ್ಲಿ ಹಿಡಿದ ಫೋನಿಗಿಂತ ಸುರಕ್ಷಿತವೆಂದು ಕಂಡುಬರಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 456 ಚಾಲಕರನ್ನು ಕುರಿತು ನಡೆದ ಅಧ್ಯಯನವೂ ಇದೇ ಫಲಿತಾಂಶವನ್ನು ಕೊಟ್ಟಿತು. ಎರಡು ಖಂಡಗಳು, ಎರಡು ಬಗೆಯ ಚಾಲಕರು, ಉತ್ತರ ಮಾತ್ರ ಒಂದೇ.

ಕಾರಣವೇನು? ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು 2003ರಲ್ಲಿ ಕೃತಕ ಚಾಲನಾ ಯಂತ್ರದಲ್ಲಿ ಜನರನ್ನು ಕೂರಿಸಿ, ಕೈಗೆ ಕೆಲಸವಿಲ್ಲದ ಫೋನಿನಲ್ಲಿ ಮಾತನಾಡಿಸಿದರು. ಅವರ ಕಣ್ಣುಗಳು ಎತ್ತ ಹೊರಳುತ್ತಿವೆ ಎಂಬುದನ್ನು ಉಪಕರಣಗಳಿಂದ ಗುರುತಿಸಿದರು. ಮಾತಿನಲ್ಲಿದ್ದವರು ದಾರಿಬದಿಯ ಫಲಕಗಳನ್ನು ನೇರವಾಗಿ ನೋಡಿದ್ದರು. ಆದರೆ ಆಮೇಲೆ ಕೇಳಿದಾಗ, ನೋಡಿದ್ದನ್ನೇ ಗುರುತಿಸಲಾರದೆ ಹೋದದ್ದು ಹೆಚ್ಚು. ಕಣ್ಣು ಕಂಡಿತ್ತು, ಮನಸ್ಸು ಕಂಡಿರಲಿಲ್ಲ. ‘ಕಣ್ಣಿದ್ದೂ ಕುರುಡ’ ಎಂದು ನಮ್ಮ ಹಿರಿಯರು ಬೈಗುಳಾಗಿ ಬಳಸುತ್ತಿದ್ದ ಮಾತು ಪ್ರಯೋಗಶಾಲೆಯಲ್ಲಿ ಸಿದ್ಧಾಂತವಾಗಿ ನಿಂತಿತು.

ಮಾತು ಮುಗಿದೊಡನೆ ಮನಸ್ಸು ರಸ್ತೆಗೆ ಮರಳುವುದೆಂದೂ ಭಾವಿಸಬೇಡಿರಿ. ಕಾರಿಗೆ ಬಾಯಿಮಾತಿನಲ್ಲಿ ಆಜ್ಞೆ ಕೊಟ್ಟು ಫೋನು ಮಾಡಿಸುವ, ಹಾಡು ಬದಲಿಸುವ ವ್ಯವಸ್ಥೆಗಳನ್ನು ಅದೇ ಸ್ಟ್ರೇಯರ್ ಅವರ ತಂಡವು ಅಮೆರಿಕದ ಎ.ಎ.ಎ. ಸಂಚಾರ ಸುರಕ್ಷತಾ ಪ್ರತಿಷ್ಠಾನಕ್ಕಾಗಿ ಪರೀಕ್ಷಿಸಿ 2015ರಲ್ಲಿ ವರದಿ ಕೊಟ್ಟಿತು. ಕೆಲವು ವ್ಯವಸ್ಥೆಗಳಲ್ಲಿ, ಕೆಲಸ ಮುಗಿದ ಮೇಲೆಯೂ 27 ಸೆಕೆಂಡಿನವರೆಗೆ ಚಾಲಕನ ಗಮನ ಪೂರ್ತಿ ಮರಳಿರಲಿಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿರಿ. ಗಂಟೆಗೆ 80 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 22 ಮೀಟರು. 27 ಸೆಕೆಂಡಿಗೆ 600 ಮೀಟರು. ಘಾಟಿಯಲ್ಲಿ ನೀವು ನಿಧಾನವಾಗಿ, 40ರ ವೇಗದಲ್ಲಿ ಇಳಿಯುತ್ತೀರೆಂದೇ ಇಟ್ಟುಕೊಳ್ಳೋಣ. ಆಗಲೂ 300 ಮೀಟರು. ಶಿರಾಡಿಯಲ್ಲಿ ಆ 300 ಮೀಟರಿನೊಳಗೆ ಎಷ್ಟು ತಿರುವುಗಳಿವೆ, ಮಂಗಳೂರಿನಿಂದ ಏರಿಬರುವ ಎಷ್ಟು ಅನಿಲದ ಟ್ಯಾಂಕರುಗಳಿವೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ. ಇವೆಲ್ಲವನ್ನೂ ನಾನು ನಿಮ್ಮ ಬಾಯಿಂದಲೇ ಕೇಳಿದ್ದೇನೆ.

ಮೊದಲನೆಯದು: “ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡೋದಿಲ್ವೇ? ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?” ವ್ಯತ್ಯಾಸವಿದೆ. ಪಕ್ಕದಲ್ಲಿ ಕುಳಿತವರು ನಿಮ್ಮ ರಸ್ತೆಯನ್ನೇ ನೋಡುತ್ತಿರುತ್ತಾರೆ. ತಿರುವು ಬಂದರೆ ತಾವಾಗಿಯೇ ಸುಮ್ಮನಾಗುತ್ತಾರೆ. ಎಮ್ಮೆ ಅಡ್ಡ ಬಂದರೆ ನಿಮಗಿಂತ ಮೊದಲೇ ಕೂಗುತ್ತಾರೆ. ದೂರದಲ್ಲಿರುವ ನನಗೆ ಆ ತಿರುವೂ ಕಾಣದು, ಎಮ್ಮೆಯೂ ಕಾಣದು. ನೀವು ಬ್ರೇಕಿನ ಮೇಲೆ ಕಾಲಿಟ್ಟು ಕ್ಷಣಕಾಲ ಮೌನವಾದರೆ ನಾನೇನು ಮಾಡುತ್ತೇನೆ? “ಹಲೋ, ಹಲೋ, ಕೇಳಿಸ್ತಾ ಇದೆಯಾ?” ಎಂದು ಇನ್ನೂ ಗಟ್ಟಿಯಾಗಿ ಕೂಗುತ್ತೇನೆ. ಅಂದರೆ ನಿಮಗೆ ಏಕಾಗ್ರತೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಅದನ್ನು ಕೆಡಿಸುವವನು ನಾನು. ಪಕ್ಕದಲ್ಲಿ ಕುಳಿತವನು ಎರಡನೆಯ ಜೋಡಿ ಕಣ್ಣು. ಫೋನಿನಲ್ಲಿರುವವನು ಕಣ್ಣಿಲ್ಲದ ಬಾಯಿ.

ಎರಡನೆಯದು: “ಕಾನೂನು ಬೇಡ ಅಂದಿಲ್ಲವಲ್ಲ.” ನಿಜ. 2019ರ ತಿದ್ದುಪಡಿಯ ಅನಂತರ ನಮ್ಮ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು, ಅಪಾಯಕಾರಿ ಚಾಲನೆಯ ಉದಾಹರಣೆಗಳಲ್ಲಿ ‘ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ’ವನ್ನು ಹೆಸರಿಸುತ್ತದೆ, ಮೊದಲ ಸಲದ ತಪ್ಪಿಗೇ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಕ್ಯಾಲಿಫೋರ್ನಿಯಾದಲ್ಲಿಯೂ 2008ರ ಜುಲೈಯಿಂದ ನಿಷಿದ್ಧವಾದದ್ದು ಕೈಯಲ್ಲಿ ಹಿಡಿದು ಮಾತನಾಡುವುದೇ. ಕಾರಣ ಸರಳವಾಗಿದೆ: ಪೊಲೀಸಿನವನಿಗೆ ಕೈ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಕಾಣುವುದನ್ನು ಮಾತ್ರ ಕಾನೂನು ಹಿಡಿಯಬಲ್ಲದು. ಅದು ಹಿಡಿಯಲಾರದ್ದನ್ನು ಒಪ್ಪಿದೆಯೆಂದು ಅರ್ಥೈಸುವುದು, ‘ಕಾಪಿ ಹೊಡೆದದ್ದು ಮೇಲ್ವಿಚಾರಕರಿಗೆ ಕಾಣಲಿಲ್ಲ, ಆದ್ದರಿಂದ ಅದು ಕಾಪಿಯಲ್ಲ’ ಎಂದು ವಾದಿಸಿದಂತೆ. ಕಾನೂನು ಕನಿಷ್ಠ ಮಟ್ಟವನ್ನು ನಿಗದಿಮಾಡುತ್ತದೆ. ಉತ್ತೀರ್ಣನಾಗಲು ಮೂವತ್ತೈದು ಅಂಕ ಸಾಕಾಗಿದ್ದ ಕಾಲದಲ್ಲಿಯೂ ಯಾರೂ ಮೂವತ್ತೈದಕ್ಕಾಗಿ ಓದುತ್ತಿರಲಿಲ್ಲವಷ್ಟೆ?

ಮೂರನೆಯದು: “ಅಪಾಯವಿದ್ದರೆ ಕಂಪನಿಯವರು ಕಾರಿನಲ್ಲೇ ಯಾಕೆ ಕೂರಿಸ್ತಿದ್ರು?” ಕೂರಿಸಿದ್ದು ಮಾರಾಟಕ್ಕಾಗಿ. ಕಾರಿನೊಳಗೆ ಅಳವಡಿಸಿದ ಮಾತ್ರಕ್ಕೆ ಒಂದು ವಸ್ತುವಿಗೆ ಸುರಕ್ಷತೆಯ ಪ್ರಮಾಣಪತ್ರ ದೊರೆಯುವುದಿಲ್ಲ. ಇಂದಿನ ಕಾರುಗಳಲ್ಲಿ ಗುಂಡಿಗಳನ್ನೆಲ್ಲ ಕಿತ್ತು, ಅವುಗಳ ಜಾಗದಲ್ಲಿ ಒಂದು ದೊಡ್ಡ ಗಾಜಿನ ಪರದೆಯನ್ನು ಕೂರಿಸುವುದು ರೂಢಿಯಾಗಿದೆ. ಸ್ವೀಡನ್ನಿನ ‘ವಿ ಬಿಲೇಗಾರೆ’ ಎಂಬ ವಾಹನ ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ನಡೆಸಿತು. ರೇಡಿಯೊ ನಿಲಯ ಬದಲಿಸುವುದು ಮುಂತಾದ ನಾಲ್ಕು ಸಣ್ಣ ಕೆಲಸಗಳನ್ನು 110 ಕಿಲೋಮೀಟರು ವೇಗದಲ್ಲಿ ಮಾಡಿ ಮುಗಿಸಬೇಕು. ಗುಂಡಿಗಳಿದ್ದ, 2005ನೆಯ ಇಸವಿಯ ಹಳೆಯ ವೋಲ್ವೊ ಕಾರಿನಲ್ಲಿ ಹತ್ತು ಸೆಕೆಂಡು ಸಾಕಾಯಿತು. ಪರದೆಯ ಹೊಸ ಕಾರೊಂದರಲ್ಲಿ ಸುಮಾರು 45 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಕಾರು 1,300 ಮೀಟರಿಗೂ ಹೆಚ್ಚು ದೂರ ಓಡಿತ್ತು. ಹಾರ್ಮೋನಿಯಂ ನುಡಿಸುವವನು ಮನೆಗಳನ್ನು ನೋಡಿ ನುಡಿಸುವುದಿಲ್ಲ. ಬೆರಳಿಗೇ ಅವುಗಳ ಪರಿಚಯವಿರುತ್ತದೆ. ಗಾಜಿನ ಹಾಳೆಯ ಮೇಲೆ ಬೆರಳಿಗೆ ಯಾವ ಪರಿಚಯ? ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುರೊ ಎನ್‌ಕ್ಯಾಪ್, 2026ರಿಂದ ಪೂರ್ಣ ಐದು ನಕ್ಷತ್ರ ಬೇಕಾದರೆ ತಿರುವು ಸೂಚಕ, ಹಾರನ್ನು, ವೈಪರು ಮೊದಲಾದವುಗಳಿಗೆ ನಿಜವಾದ ಗುಂಡಿ ಅಥವಾ ಹಿಡಿಕೆ ಇರಬೇಕೆಂದು ಗೊತ್ತುಮಾಡಿತು. ತಯಾರಕರು ಮಾಡಿದ್ದೆಲ್ಲ ಸರಿಯಾಗಿದ್ದರೆ ಈ ನಿಯಮದ ಅಗತ್ಯವೇ ಬೀಳುತ್ತಿರಲಿಲ್ಲ.

ದಾರಿ ತೋರಿಸುವ ಯಂತ್ರದ ಬಗ್ಗೆಯೂ ಎರಡು ಮಾತು. ನಾನು ಅದರ ವಿರೋಧಿಯಲ್ಲ. ಉಪಗ್ರಹಗಳ ನೆರವೇ ಇಲ್ಲದ 1981ರಲ್ಲಿ ಹೋಂಡಾ ಕಂಪನಿ, ಗೈರೊಸ್ಕೋಪು ಮತ್ತು ಪಾರದರ್ಶಕ ನಕ್ಷೆಗಳಿಂದ ಕಾರಿಗೆ ದಾರಿ ತೋರಿಸಿದ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಗುರುತಿಲ್ಲದ ಊರಿನಲ್ಲಿ ಅಡಿಗಡಿಗೂ ನಿಲ್ಲಿಸಿ ದಾರಿ ಕೇಳುವ ಕಷ್ಟವನ್ನು ಅದು ತಪ್ಪಿಸಿದೆ. ಆದರೆ ಅದು ನಕ್ಷೆಯನ್ನು ಬಲ್ಲದೇ ಹೊರತು ರಸ್ತೆಯನ್ನು ಕಾಣಲಾರದು. 2023ರ ಅಕ್ಟೋಬರಿನಲ್ಲಿ ಕೇರಳದ ಕೊಚ್ಚಿಯ ಬಳಿ, ಮಳೆಯ ರಾತ್ರಿಯಲ್ಲಿ ಕಾರೊಂದು ಹೊಳೆಗೆ ಇಳಿದು ಇಬ್ಬರು ಯುವ ವೈದ್ಯರು ತೀರಿಕೊಂಡರು. 2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿಯ ಬಳಿ, ಮುರಿದ ಸೇತುವೆಯಿಂದ ರಾಮಗಂಗಾ ನದಿಗೆ ಕಾರು ಬಿದ್ದು ಮೂವರು ತೀರಿಕೊಂಡರು. ಎರಡು ಕಡೆಯೂ ಅವರು ಯಂತ್ರ ತೋರಿದ ದಾರಿಯನ್ನು ಅನುಸರಿಸುತ್ತಿದ್ದರೆಂದು ವರದಿಯಾಯಿತು. ಬರೇಲಿಯಲ್ಲಿ ತಡೆಗಟ್ಟೆ ಇಡದವರ ತಪ್ಪು ದೊಡ್ಡದು. ತೀರಿಕೊಂಡವರನ್ನು ದೂರುವುದು ನನ್ನ ಉದ್ದೇಶವಲ್ಲ. ನಾನು ಹೇಳುವುದು ಇಷ್ಟೆ: ಆ ದನಿ ಎಷ್ಟು ಖಚಿತವಾಗಿ ಮಾತನಾಡುತ್ತದೆಯೋ ಅಷ್ಟು ಖಚಿತವಾಗಿ ಅದಕ್ಕೆ ಗೊತ್ತಿರುವುದಿಲ್ಲ. ಹೋಗಬೇಕಾದ ಊರನ್ನು ಹೊರಡುವ ಮೊದಲೇ ತುಂಬಿಸಿ, ದನಿಯನ್ನು ಮಾತ್ರ ಕೇಳುತ್ತ, ಕಣ್ಣನ್ನು ರಸ್ತೆಗೇ ಕೊಡಿರಿ. ದಾರಿ ಬದಲಿಸಬೇಕೆನಿಸಿದರೆ ಗಾಡಿ ನಿಲ್ಲಿಸಿ ಬದಲಿಸಿರಿ.

ಹಾಡು ಕೇಳುವುದಕ್ಕೆ ನನ್ನ ಅಡ್ಡಿಯಿಲ್ಲ. ರೇಡಿಯೊ ಕೇಳುವುದು ಮನಸ್ಸಿಗೆ ಹೊರಿಸುವ ಹೊರೆ ಕಡಿಮೆಯೆಂದು ಸ್ಟ್ರೇಯರ್ ಅವರೇ ಕಂಡಿದ್ದಾರೆ. ಏಕೆಂದರೆ ಹಾಡು ನಿಮ್ಮಿಂದ ಉತ್ತರವನ್ನು ಬೇಡುವುದಿಲ್ಲ. ಹಾಡನ್ನು ಹುಡುಕುವುದೇ ಅಪಾಯ, ಕೇಳುವುದಲ್ಲ.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಠಿಣವಾದ ಮಾತು. “ಮೇಷ್ಟ್ರೇ, ನಮಗೆ ಬೇರೆ ಹೊತ್ತೇ ಸಿಗೋದಿಲ್ಲ. ಕಾರಿನಲ್ಲಿ ಕೂತಾಗ ಮಾತ್ರ ಪುರುಸೊತ್ತು” ಎಂದು ನೀವು ಹೇಳುತ್ತೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ಈ ಮಾತಿನ ಒಳಗನ್ನು ನೋಡಿರಿ. ಕಚೇರಿಯ ಸಭೆಗೆ ಪೂರ್ಣ ಗಮನ, ಮಕ್ಕಳ ಪರೀಕ್ಷೆಗೆ ಪೂರ್ಣ ಗಮನ. ಹೆತ್ತ ತಾಯಿಗೆ ಮಾತ್ರ ಸ್ಟೀರಿಂಗು ಮತ್ತು ಸಿಗ್ನಲ್ ದೀಪಗಳು ಬಿಟ್ಟುಕೊಟ್ಟ ಚೂರುಪಾರು ಗಮನ. ನೀವು “ಹೂಂ, ಹೂಂ” ಎನ್ನುವಾಗ ಅತ್ತ ಕಡೆಯವರಿಗೆ ಅದು ತಿಳಿಯುವುದಿಲ್ಲವೆಂದು ಭಾವಿಸಿದ್ದೀರಾ? ಚೆನ್ನಾಗಿ ತಿಳಿಯುತ್ತದೆ. ಕರೆ ನಿಂತೇ ಹೋದೀತೆಂಬ ಭಯದಿಂದ ಅವರು ಹೇಳುವುದಿಲ್ಲ, ಅಷ್ಟೇ. ಹೀಗೆ ಅರ್ಧ ಗಮನ ರಸ್ತೆಗೆ, ಅರ್ಧ ಗಮನ ಅಮ್ಮನಿಗೆ ಹಂಚಿದಾಗ ಇಬ್ಬರಿಗೂ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ರಸ್ತೆಯ ಪಾಲನ್ನು ಅಮ್ಮನಿಗೆ ಕೊಟ್ಟು, ಏನಾದರೂ ಅನಾಹುತವಾದರೆ, ಆ ದನಿಯನ್ನು ಕೊನೆಯದಾಗಿ ಕೇಳಿದವಳು ಆಕೆಯೇ ಆಗಿರುತ್ತಾಳೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ದಿನವೊಂದಕ್ಕೆ ಸುಮಾರು 460. ಇವರೆಲ್ಲರೂ ಫೋನಿನಿಂದ ಸತ್ತರೆಂದು ನಾನು ಹೇಳುತ್ತಿಲ್ಲ. ಇಂಥ ರಸ್ತೆಗಳಲ್ಲಿ ಓಡಾಡುವವನಿಗೆ ದಾನ ಮಾಡುವಷ್ಟು ಗಮನ ಮಿಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮನೆಯಲ್ಲಿರುವ ಹಿರಿಯರಿಗೂ ನನ್ನ ಮಾತು ಸಲ್ಲುತ್ತದೆ. ಮಗ ದಾರಿಯಲ್ಲಿದ್ದಾನೆಂದು ಗೊತ್ತಿದ್ದೂ “ಎಲ್ಲಿದ್ದೀಯ, ಎಲ್ಲಿಗೆ ಬಂದೆ?” ಎಂದು ಹತ್ತು ನಿಮಿಷಕ್ಕೊಮ್ಮೆ ಕರೆಯುವವರು ನಾವೇ. ನಮ್ಮ ಆತಂಕವನ್ನು ಶಮನ ಮಾಡಿಕೊಳ್ಳಲು ಅವನಿಗೆ ಅಪಾಯವನ್ನು ತಂದೊಡ್ಡುತ್ತೇವೆ. ಕರೆಯುವವನಿಗೂ ಹೊಣೆಯಿದೆ.

ಆದ್ದರಿಂದ ಇಂದಿನಿಂದ ನನ್ನ ಕ್ರಮ ಹೀಗೆ. ನೀವು ಕಾರು ನಡೆಸುತ್ತಿದ್ದೀರೆಂದು ತಿಳಿದೊಡನೆ “ತಲುಪಿದ ಮೇಲೆ ಮಾಡಪ್ಪ” ಎಂದು ಹೇಳಿ ಫೋನನ್ನು ಇಟ್ಟುಬಿಡುತ್ತೇನೆ. ಅದು ಸಿಟ್ಟಲ್ಲ. ತುರ್ತು ಇದ್ದರೆ ರಸ್ತೆಯ ಬದಿಯಲ್ಲಿ ಸುರಕ್ಷಿತವಾದ ಜಾಗ ನೋಡಿ, ಗಾಡಿ ನಿಲ್ಲಿಸಿ ಮಾತನಾಡಿರಿ. ಎಷ್ಟು ಹೊತ್ತಾದರೂ ಕೇಳುತ್ತೇನೆ. ದಿನವೂ ಕಾರಿನಿಂದ ಮಾಡುವ ಇಪ್ಪತ್ತು ನಿಮಿಷದ ಕರೆಗಿಂತ, ಭಾನುವಾರ ಮನೆಯಲ್ಲಿ ಕುಳಿತು ಮಾಡುವ ಐದು ನಿಮಿಷದ ಕರೆ ನನಗೆ ದೊಡ್ಡದು. ನಿಮ್ಮ ತಂದೆತಾಯಿಯರಿಗೂ ಇದೇ ಮಾತನ್ನು ಹೇಳಿಕೊಡಲಿದ್ದೇನೆ. ಅವರೂ ಫೋನು ಇಟ್ಟರೆ ನೊಂದುಕೊಳ್ಳಬೇಡಿರಿ.

ನೀವು ನನಗೆ ಕರೆ ಮಾಡದಿದ್ದರೂ ಸರಿ, ಊರು ಸೇರಿರಿ.