ಅಪ್ಪನ ಪಾಠ ಅಧ್ಯಕ್ಷರಿಗೆ, ಸದಸ್ಯರಿಗೆ ಬೈಲಾ

ವೈದ್ಯರಿರಲಿ, ವಕೀಲರಿರಲಿ, ಎಂಜಿನಿಯರುಗಳಿರಲಿ, ವೃತ್ತಿ ಸಂಘದ ಪದಗ್ರಹಣದ ದಿನ ಹೊಸ ಅಧ್ಯಕ್ಷರು ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತರೆ ಎರಡು ಮಾತು ಬಂದೇ ಬರುತ್ತವೆ. ತೀರಿಕೊಂಡ ತಂದೆಯೋ ತಾಯಿಯೋ ಹೇಳಿಕೊಟ್ಟ ಪಾಠವೇ ತಮಗೆ ಆಧಾರ ಎಂಬುದು ಮೊದಲನೆಯದು. ಈ ಸಂಘ ಒಂದು ಕುಟುಂಬವಿದ್ದಂತೆ ಎಂಬುದು ಎರಡನೆಯದು. ಎರಡಕ್ಕೂ ಒಟ್ಟಿಗೇ ಚಪ್ಪಾಳೆ ಬೀಳುತ್ತದೆ, ಒಂದರಿಂದ ಇನ್ನೊಂದು ತಾನಾಗಿಯೇ ಬಂದಂತೆ. ನನಗೋ ಇವು ಒಂದಕ್ಕೊಂದು ಎದುರು ನಿಲ್ಲುವ ಮಾತುಗಳೆನಿಸುತ್ತವೆ. ಹೆತ್ತವರಿಂದ ಕಲಿತದ್ದು ಸಂಘ ನಡೆಸುವವರಿಗೆ ಖಂಡಿತ ಒದಗುತ್ತದೆ, ಆದರೆ ಅದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಾಗಿದ್ದರೆ ಮಾತ್ರ. ಅದೇ ಪಾಠ ಸದಸ್ಯರ ಮೇಲೆ ಯಜಮಾನಿಕೆ ನಡೆಸಲು ಪರವಾನಗಿಯಾದರೆ ಸಂಘ ಕೆಡಲು ಶುರುವಾಗುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ 1894ರ ದಕ್ಷಿಣ ಆಫ್ರಿಕಾದ ನೇಟಾಲಿನಲ್ಲಿದೆ. ಅಲ್ಲಿನ ಭಾರತೀಯರು ಸೇರಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗ ಅದರ ಕಾರ್ಯದರ್ಶಿಯಾದ ಗಾಂಧಿಗೆ ಇಪ್ಪತ್ತನಾಲ್ಕು ವರ್ಷ. ತಂದೆ ಕರಮಚಂದ್ 1885ರಲ್ಲೇ, ತಾಯಿ ಪುತಲೀಬಾಯಿ 1891ರಲ್ಲಿ ತೀರಿಹೋಗಿದ್ದರು. ಅದು ವೃತ್ತಿ ಸಂಘವಲ್ಲ ನಿಜ, ಆದರೆ ಚಂದಾ, ಸದಸ್ಯತ್ವ, ಕಾರ್ಯಕಾರಿ ಸಮಿತಿ, ವಸೂಲಿಯ ತಲೆನೋವು, ಎಲ್ಲವೂ ನಮಗೆ ಗೊತ್ತಿರುವಂಥವೇ. ತಂದೆ ಲಂಚಕ್ಕೆ ಕೈಯೊಡ್ಡದ, ಆಸ್ತಿ ಕೂಡಿಡದ ದಿವಾನರಾಗಿದ್ದರೆಂದು ಆತ್ಮಕಥೆಯಲ್ಲಿ ಗಾಂಧಿ ನೆನೆಯುತ್ತಾರೆ. ತಾಯಿಯದು ಇನ್ನೂ ಸೂಕ್ಷ್ಮವಾದ ಪಾಠ. ಒಂದು ಚಾತುರ್ಮಾಸದಲ್ಲಿ ಸೂರ್ಯನನ್ನು ಕಾಣದೆ ಊಟ ಮಾಡುವುದಿಲ್ಲವೆಂದು ಅವರು ವ್ರತ ಹಿಡಿದಿದ್ದರು. ಸೂರ್ಯ ಕಂಡನೆಂದು ಮಕ್ಕಳು ಓಡಿಬಂದು ಕೂಗುವುದು, ತಾಯಿ ಹೊರಬರುವಷ್ಟರಲ್ಲಿ ಮೋಡ ಮುಚ್ಚಿಕೊಳ್ಳುವುದು. ಮಕ್ಕಳು ಕಂಡದ್ದೇ ಸಾಕೆಂದು ಉಂಡಿದ್ದರೆ ಕೇಳುವವರು ಯಾರಿದ್ದರು? ಆಕೆ ಬೇಸರವಿಲ್ಲದೆ ಒಳಗೆ ಹೋಗುತ್ತಿದ್ದರು. ಯಾರೂ ತಪಾಸಣೆ ಮಾಡದ ಲೆಕ್ಕವನ್ನೂ ಸರಿಯಾಗಿಡುವ ಗುಣವದು.

ಮಗನ ಕೈಯಲ್ಲಿ ಅದು ಸಂಘದ ಉಪದೇಶವಾಗಲಿಲ್ಲ, ಲೆಕ್ಕದ ಪುಸ್ತಕವಾಯಿತು. ಬಂದ ಹಣಕ್ಕೆಲ್ಲ ರಸೀದಿ, ಖರ್ಚಿಗೆಲ್ಲ ಬರಹ. ತಿಂಗಳ ಚಂದಾ ಕನಿಷ್ಠ 5 ಷಿಲಿಂಗ್ ಎಂದಿದ್ದಾಗ ಅವರು ತಮ್ಮ ಹೆಸರಿನ ಮುಂದೆ 1 ಪೌಂಡ್ ಬರೆದುಕೊಂಡರು. ಅವರ ಆಗಿನ ಸ್ಥಿತಿಗೆ ಅದೇನು ಸಣ್ಣ ಮೊತ್ತವಲ್ಲ. ತಿಂಗಳ ವಸೂಲಿ ಕಷ್ಟವಾದಾಗ ಸದಸ್ಯರನ್ನು ಕೂರಿಸಿ ನೀತಿ ಹೇಳಲಿಲ್ಲ. ವಿಷಯವನ್ನು ಸಭೆಯ ಮುಂದಿಟ್ಟರು, ಚಂದಾ ವಾರ್ಷಿಕವಾಯಿತು, ಕನಿಷ್ಠ 3 ಪೌಂಡ್ ಎಂದು ಗೊತ್ತಾಯಿತು. ತಮಗೆ ವ್ರತ, ಉಳಿದವರಿಗೆ ಅವರೇ ಒಪ್ಪಿದ ನಿಯಮ. ಈ ಗೆರೆಯನ್ನು ಅವರು ಯಾವಾಗಲೂ ಕಾಪಾಡಿದರೆಂದೇನಲ್ಲ. 1901ರಲ್ಲಿ ಜನ ಕೊಟ್ಟ ಉಡುಗೊರೆಗಳನ್ನೆಲ್ಲ ಸಾರ್ವಜನಿಕ ಕೆಲಸಕ್ಕೆ ಬಿಟ್ಟುಕೊಡಲು ಅವರು ಹೊರಟಾಗ, ತನಗೆಂದೇ ಬಂದ ಚಿನ್ನದ ಸರದ ಬಗ್ಗೆ ಕಸ್ತೂರಬಾ ಜಗಳಕ್ಕೇ ನಿಂತರು. ಅವರ ಆಕ್ಷೇಪ ನ್ಯಾಯವಾದದ್ದೇ. ಗಂಡನ ವ್ರತಕ್ಕೆ ಹೆಂಡತಿಯ ಕೊರಳೇಕೆ ಖಾಲಿಯಾಗಬೇಕು? ಗಾಂಧಿ ಮನೆಯನ್ನು ಸಂಸ್ಥೆಯಂತೆ ನಡೆಸಲು ಹೋಗಿ ಎಡವಿದರೆ, ನಾವು ಸಂಸ್ಥೆಯನ್ನು ಮನೆಯಂತೆ ನಡೆಸಿ ಎಡವುತ್ತೇವೆ.

ಮನೆ ಮತ್ತು ಸಂಘದ ನಡುವಿನ ಅಂತರವನ್ನು ಕಾನೂನು ಸ್ಪಷ್ಟವಾಗಿಯೇ ಗುರುತಿಸಿದೆ. ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಯಜಮಾನನಾದ ಕರ್ತ, ಮೋಸದ ಆರೋಪವಿಲ್ಲದಿದ್ದರೆ, ಹಿಂದಿನ ವರ್ಷಗಳ ಖರ್ಚಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಪಾಲಿನ ದಿನ ಏನು ಉಳಿದಿದೆಯೋ ಅದನ್ನು ತೋರಿಸಿದರೆ ಸಾಕು. ಸಂಘದ ಅಧ್ಯಕ್ಷರಿಗೆ ಈ ಸೌಲಭ್ಯವಿಲ್ಲ. ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಕರೆಯಿರಿ, ಲೆಕ್ಕಪತ್ರ ಮಂಡಿಸಿ ಎನ್ನುತ್ತದೆ. ದೂರು ಬಂದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಹೀಗಿರುವಾಗ ‘ನಾವೆಲ್ಲ ಒಂದೇ ಮನೆಯವರು’ ಎಂಬ ಮಾತು ಎಲ್ಲಿ ಕೆಲಸಕ್ಕೆ ಬರುತ್ತದೆಂದು ಗಮನಿಸಿ. ಲೆಕ್ಕ ಕೇಳಿದವನ ಬಾಯಿ ಮುಚ್ಚಿಸುವಲ್ಲಿ. ಮನೆಯಲ್ಲಿ ಅಪ್ಪನನ್ನು ಲೆಕ್ಕ ಕೇಳುವುದು ಅವಿಧೇಯತೆ, ಸಂಘದಲ್ಲಿ ಕೇಳುವುದು ಸದಸ್ಯನ ಹಕ್ಕು.

ಅಮ್ಮನ ವಿಚಾರಕ್ಕೆ ಬಂದರೆ ಕುಟುಂಬದ ಹೋಲಿಕೆ ಇನ್ನೂ ಸಡಿಲವಾಗುತ್ತದೆ. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟು ತಿಂಗಳ ಕೊನೆ ದಾಟಿಸಿದ ತಾಯಂದಿರ ಗುಣಗಾನ ಮಾಡದ ಪದಾಧಿಕಾರಿಗಳು ಅಪರೂಪ. ಆದರೂ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಡಿ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆಡಳಿತ ಮಂಡಳಿಯಲ್ಲಿ ಶೇ 30ರಷ್ಟು ಮಹಿಳೆಯರಿರಲಿ ಎಂದೂ ಹೇಳಿತು. ಅದಕ್ಕೂ ಮುನ್ನ, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘಕ್ಕೂ ಇಂಥದೇ ಆದೇಶವಾಗಿತ್ತು. ಅಮ್ಮನ ನೆನಪಿಗೆ ಕಣ್ಣೀರು ಸುಲಭವಾಗಿ ಬರುತ್ತದೆ, ಖಜಾನೆಯ ಬೀಗದ ಕೈ ಅಷ್ಟು ಸುಲಭವಾಗಿ ಬರುವುದಿಲ್ಲ.

ಅಂತಃಕರಣವಿಲ್ಲದಿದ್ದರೆ ಸಂಘ ಬರೀ ಕಚೇರಿಯಾಗಿಬಿಡುತ್ತದೆ, ಕಾಯಿಲೆ ಬಿದ್ದ ಸಹೋದ್ಯೋಗಿಯ ಮನೆಗೆ ಹೋಗುವವರೂ ಇರುವುದಿಲ್ಲ ಎಂಬ ಆಕ್ಷೇಪಣೆ ಬರಬಹುದು. ಇದನ್ನು ತಳ್ಳಿಹಾಕುವಂತಿಲ್ಲ. ಬೈಲಾ ಓದಿಕೊಂಡು ಯಾರೂ ಆಸ್ಪತ್ರೆಗೆ ಧಾವಿಸುವುದಿಲ್ಲ. ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಬಿಲ್ಲಿನ ಪ್ರಶ್ನೆ ಬರುತ್ತದೆ, ಅಲ್ಲಿ ಅಂತಃಕರಣ ಪಕ್ಷಪಾತಿ. ತನ್ನವರಿಗೆ ಹೆಚ್ಚು ಮರುಗುತ್ತದೆ, ಎದುರು ಬಣದವರಿಗೆ ಕಡಿಮೆ. ಕರ್ನಾಟಕದಲ್ಲಿ ವಕೀಲರ ಕಲ್ಯಾಣ ನಿಧಿಗೆ 1983ರಲ್ಲೇ ಪ್ರತ್ಯೇಕ ಕಾಯ್ದೆ ಬಂದದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ತೀರಿಹೋದ ವಕೀಲರ ಮನೆಯವರು ಯಾವ ಅಧ್ಯಕ್ಷರ ಮನೆ ಬಾಗಿಲಿಗೂ ಹೋಗಿ ನಿಲ್ಲಬೇಕಾಗಿಲ್ಲ, ಅರ್ಜಿ ಕೊಟ್ಟು ಕೇಳಬಹುದು.

ಹೆತ್ತವರ ಮೌಲ್ಯಗಳನ್ನು ಸಂಘಕ್ಕೆ ತರುವುದರಲ್ಲಿ ತಪ್ಪೇನು ಎಂಬುದು ಇನ್ನೊಂದು ಪ್ರಶ್ನೆ. ಯಾರ ಹೆತ್ತವರು ಎಂಬುದೇ ತೊಡಕು. ಸಾವಿರ ಸದಸ್ಯರಿದ್ದರೆ ಸಾವಿರ ಮನೆಗಳ ಪಾಠಗಳಿರುತ್ತವೆ. ಒಬ್ಬರ ಮನೆಯಲ್ಲಿ ಹಿರಿಯರಿಗೆ ಎದುರಾಡದಿರುವುದು ಸಂಸ್ಕಾರ, ಇನ್ನೊಬ್ಬರ ಮನೆಯಲ್ಲಿ ಅನ್ಯಾಯ ಕಂಡಾಗ ಎದುರಾಡುವುದೇ ಸಂಸ್ಕಾರ. ತಲೆತಲಾಂತರದಿಂದ ಬಾಯಿ ಮುಚ್ಚಿಸಿಕೊಂಡೇ ಬಂದ ಮನೆಯಿಂದ ಮೊದಲ ಬಾರಿಗೆ ವೃತ್ತಿಗೆ ಬಂದ ಹುಡುಗಿಗೆ, ಹುಡುಗನಿಗೆ ‘ಹಿರಿಯರು ಹೇಳಿದಂತೆ ಕೇಳಿ’ ಎಂಬ ಮಾತು ಹೇಗೆ ಕೇಳಿಸೀತು? ಅವಿರೋಧ ಆಯ್ಕೆಯನ್ನು ನಾವು ಒಗ್ಗಟ್ಟಿನ ಗುರುತೆಂದು ಕೊಂಡಾಡುವುದನ್ನೂ ಈ ದೃಷ್ಟಿಯಿಂದ ನೋಡಬೇಕು. ಎಷ್ಟೋ ಸಲ ಅದು ‘ಈ ಸಲ ಬೇಡ ಬಿಡಪ್ಪ’ ಎಂದು ಯಾರನ್ನೋ ಹಿಂದೆ ಸರಿಸಿದ್ದರ ಫಲ.

ತಂದೆಯ ಪ್ರಾಮಾಣಿಕತೆಯನ್ನು ನೆನೆದು ಅಧಿಕಾರ ಹಿಡಿದವರಿಗೆ ಪರೀಕ್ಷೆ ಪದಗ್ರಹಣದ ದಿನ ಇರುವುದಿಲ್ಲ, ವರ್ಷ ತುಂಬಿದ ಮೇಲೆ, ಸರ್ವ ಸದಸ್ಯರ ಸಭೆಯಲ್ಲಿ ಇರುತ್ತದೆ. ಊಟಕ್ಕೆ ಹೊತ್ತಾಗಿರುತ್ತದೆ, ಖಜಾಂಚಿ ಲೆಕ್ಕ ಓದಿ ಮುಗಿಸುತ್ತಿರುತ್ತಾರೆ, ಹಿಂದಿನ ಸಾಲಿನಿಂದ ಒಬ್ಬರು ಎದ್ದು ಶಾಮಿಯಾನದ ಬಾಡಿಗೆಯ ರಸೀದಿ ಕೇಳುತ್ತಾರೆ. ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂದು ನೊಂದುಕೊಳ್ಳಲೂಬಹುದು, ರಸೀದಿಯ ಕಟ್ಟು ಬಿಚ್ಚಿ ಮುಂದಿಡಲೂಬಹುದು.