ಲೀಗ್ ನಿಂತದ್ದು ಯಾಕೆ? ಆಟಕ್ಕೂ ಬೇಕು ಆಡಳಿತ, ಲೆಕ್ಕಪತ್ರ

ಮೆಸ್ಸಿ, ರೊನಾಲ್ಡೊ ಈಗ ಯಾವ ಕ್ಲಬ್ಬಿಗೆ ಆಡುತ್ತಾರೆಂದು ಕೇಳಿದರೆ ನಮ್ಮ ಮನೆಗಳ ಸಣ್ಣ ಮಕ್ಕಳೂ ಥಟ್ಟನೆ ಹೇಳುತ್ತಾರೆ. ಆದರೆ ನಮ್ಮದೇ ದೇಶದ ಇಂಡಿಯನ್ ಸೂಪರ್ ಲೀಗ್ 2025ರಲ್ಲಿ ತಿಂಗಳುಗಟ್ಟಲೆ ಯಾಕೆ ನಿಂತುಹೋಯಿತು ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಆಗಬೇಕಿತ್ತು. ಅದರಲ್ಲಿ ನಮ್ಮೂರಿನ ಕ್ಲಬ್ಬುಗಳಿಗೂ ಪಾಠ ಇದೆ.

ನಡೆದದ್ದು ಇಷ್ಟು. 2010ರಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಕೊಟ್ಟಿತು. ಕಂಪನಿ 2014ರಲ್ಲಿ ಲೀಗ್ ಶುರು ಮಾಡಿತು. ಫೆಡರೇಶನ್‌ಗೆ ವರ್ಷಕ್ಕೆ ಸುಮಾರು 50 ಕೋಟಿ ರೂಪಾಯಿ ಬರುತ್ತಿತ್ತು. ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಮುಂದೇನು ಎಂಬ ಸಿದ್ಧತೆ ಇರಲಿಲ್ಲ. ಫೆಡರೇಶನ್ನಿನ ಸಂವಿಧಾನದ ವಿಷಯ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಬಾಕಿ ಇದ್ದ ಕಾರಣ ಹೊಸ ಒಪ್ಪಂದಕ್ಕೂ ದಾರಿ ಇರಲಿಲ್ಲ. ಜುಲೈಯಲ್ಲಿ ಕಂಪನಿ ಲೀಗನ್ನು ತಡೆಹಿಡಿಯಿತು. ನಂತರ ಟೆಂಡರ್ ಕರೆದರೆ ಒಂದೇ ಒಂದು ಬಿಡ್ ಬರಲಿಲ್ಲ. ಕೊನೆಗೆ 2026ರ ಫೆಬ್ರವರಿಯಲ್ಲಿ, ಪಂದ್ಯಗಳನ್ನು ಕಡಿಮೆ ಮಾಡಿ, ಲೀಗ್ ಆರಂಭವಾಯಿತು.

ಪೆಟ್ಟು ಬಿದ್ದದ್ದು ಯಾರಿಗೆ? ಆಟಗಾರರಿಗೆ. 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯಿತು. 2018-19ರಲ್ಲಿ ಇದೇ ಲೀಗ್ ಗೆದ್ದ ಕ್ಲಬ್ ಅದು. ಹೆಸರು, ಕಪ್ಪು, ಅಭಿಮಾನಿಗಳು ಎಲ್ಲ ಇದ್ದರೂ ಮನೆಗೆ ಹೋಗುವ ಸಂಬಳ ನಿಂತಿತು.

ಹಾಗಂತ ಆಟದಲ್ಲಿ ವ್ಯಾಪಾರವೇ ಬೇಡ ಅನ್ನುವುದು ಸರಿಯಲ್ಲ. ಕ್ರಿಕೆಟನ್ನು ನೋಡಿ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಆದರೆ ಟೂರ್ನಿ ಮಂಡಳಿಯದ್ದೇ. ಮಾರಿದ್ದು ಐದು ವರ್ಷದ ಪ್ರಸಾರದ ಹಕ್ಕನ್ನು ಮಾತ್ರ, ಅದೂ ಹರಾಜಿನಲ್ಲಿ. ಮನೆಯನ್ನು ಬಾಡಿಗೆಗೆ ಕೊಡುವುದು ಬೇರೆ, ಕೀಲಿಕೈಯನ್ನೇ ಒಬ್ಬರ ಕೈಗೆ ಕೊಟ್ಟು ಕೂರುವುದು ಬೇರೆ. ಕ್ರಿಕೆಟ್‌ಗೆ ನೋಡುಗರು ಜಾಸ್ತಿ, ನಿಜ. ಆದರೆ ವ್ಯತ್ಯಾಸ ಅಷ್ಟೇ ಅಲ್ಲ.

ಜರ್ಮನಿಯ ಫುಟ್ಬಾಲಿನಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿ ಕೆಲವು ಕ್ಲಬ್ಬುಗಳನ್ನು ಬಿಟ್ಟರೆ, ಹೂಡಿಕೆದಾರ ಎಷ್ಟೇ ದುಡ್ಡು ಹಾಕಲಿ, ಬಹುಮತದ ಓಟು ಸದಸ್ಯರ ಬಳಿಯೇ ಉಳಿಯಬೇಕು. ಪ್ರತಿ ಸೀಸನಿಗೂ ಮುಂಚೆ ಕ್ಲಬ್ ತನ್ನ ಲೆಕ್ಕ ತೋರಿಸಿ ಲೈಸೆನ್ಸ್ ಪಡೆಯಬೇಕು.

ವೃತ್ತಿಪರತೆ ಎಂದರೆ ದೊಡ್ಡ ಸ್ಪಾನ್ಸರ್, ಮಿನುಗುವ ಜೆರ್ಸಿ, ಎಲ್‌ಇಡಿ ಬೋರ್ಡು ಅಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಯಾರು ಹೊಣೆ, ಹಣ ಎಲ್ಲಿಂದ ಬರುತ್ತದೆ, ಕೊಡುವವನು ಹಿಂದೆ ಸರಿದರೆ ನಾಳೆ ಏನು ಗತಿ, ಇವಕ್ಕೆ ಬರವಣಿಗೆಯಲ್ಲಿ ಉತ್ತರ ಇದ್ದರೆ ಅದೇ ವೃತ್ತಿಪರತೆ.

ನಮ್ಮ ಕರಾವಳಿಯಲ್ಲಿ ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಫುಟ್ಬಾಲ್ ಟೂರ್ನಮೆಂಟುಗಳಿಗೆ ಬರಗಾಲವಿಲ್ಲ. ಗಲ್ಫಿನಲ್ಲಿ ದುಡಿಯುವ ಒಬ್ಬರೋ ಇಬ್ಬರೋ ಕೈಯೆತ್ತಿ ಕೊಟ್ಟರೆ ಕ್ಲಬ್ ನಡೆಯುತ್ತದೆ. ಅವರ ಕೆಲಸ ಹೋದರೆ ಕ್ಲಬ್ಬೂ ಹೋಯಿತು. ಸೊಸೈಟಿ ಕಾಯ್ದೆಯಡಿ ನೋಂದಣಿ, ಕ್ಲಬ್ಬಿನ ಹೆಸರಲ್ಲಿ ಬ್ಯಾಂಕ್ ಖಾತೆ, ಸಣ್ಣದಾದರೂ ಎಲ್ಲ ಸದಸ್ಯರಿಂದ ಮಾಸಿಕ ವಂತಿಗೆ, ಗಾಯಗೊಂಡ ಹುಡುಗನ ಚಿಕಿತ್ಸೆಗೆ ಬೇರೆಯೇ ತೆಗೆದಿಟ್ಟ ನಿಧಿ. ಇಷ್ಟಕ್ಕೆ ಕೋಟಿ ರೂಪಾಯಿ ಬೇಡ. ಜಮಾಅತಿನ ಮಹಾಸಭೆಯಲ್ಲಿ ವರ್ಷದ ಲೆಕ್ಕ ಓದಿ ಒಪ್ಪಿಗೆ ಪಡೆಯುವ ಕ್ರಮ ನಮಗೆ ಹೊಸದೇನಲ್ಲ. ಅದೇ ಕ್ರಮ ಕ್ಲಬ್ಬಿಗೂ ಬರಲಿ. ಊರವರು ನಂಬಿ ಕೊಟ್ಟ ದುಡ್ಡಿಗೆ ಲೆಕ್ಕ ಕೊಟ್ಟರೆ ಮುಂದಿನ ವರ್ಷ ಅವರೇ ಕರೆದು ಕೊಡುತ್ತಾರೆ.